ಹೈಸ್ಕೂಲ್ ಗಾಲ್ಫ್ ತಂಡ: ಮಕ್ಕಳ ಕೆಲಸ ಯಾವುದು, ಅಪ್ಪ ಅಮ್ಮನ ಕೆಲಸ ಯಾವುದು

ಇದು ಅಮೆರಿಕದಲ್ಲಿರುವ ಕನ್ನಡ ಮನೆಗಳಿಗಾಗಿ ಬರೆದದ್ದು. ಮಗನೋ ಮಗಳೋ ಹೈಸ್ಕೂಲ್ ಗಾಲ್ಫ್ ತಂಡಕ್ಕೆ ಸೇರಬೇಕು ಅಂತಿದ್ದಾರೆ, ಇಲ್ಲವೇ ಈಗಷ್ಟೇ ಸೇರಿದ್ದಾರೆ. ಪ್ರತಿ ಸೀಸನ್ನಿನಲ್ಲೂ ಜನ ಎಡವುವುದು ಅದೇ ಜಾಗಗಳಲ್ಲಿ. ಫಿಸಿಕಲ್ ಫಾರ್ಮ್ ಕೊನೇ ದಿನ ನೆನಪಾಗುತ್ತದೆ. ಸ್ಕೋರ್‌ಕಾರ್ಡಿಗೆ ಮಗು ನೋಡದೆ ಸಹಿ ಹಾಕುತ್ತದೆ. ಕಾರ್ಟ್ ಪಾತ್ (ಗಾಲ್ಫ್ ಗಾಡಿ ಓಡಾಡುವ ದಾರಿ) ಮೇಲೆ ನಿಂತ ಅಪ್ಪ ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ತೆಗೆಯಬೇಕು ಅಂತ ಕೂಗಿ ಹೇಳುತ್ತಾರೆ. ತಂಡದ ಪಟ್ಟಿಯಲ್ಲಿ ಹೆಸರಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಕೋಚ್‌ಗೆ ಉದ್ದದ ಈಮೇಲ್ ಹೋಗುತ್ತದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಈ ಆಟದಲ್ಲಿ ಪಕ್ಕದಲ್ಲಿ ಅಂಪೈರ್ ಇರುವುದಿಲ್ಲ. ಮೂರ್ನಾಲ್ಕು ಮಕ್ಕಳು ಒಟ್ಟಿಗೆ ಆಡುತ್ತಾ ಹೋಗುತ್ತಾರೆ. ತಪ್ಪಾದರೆ ತಾವೇ ಒಪ್ಪಿಕೊಳ್ಳಬೇಕು, ಪೆನಾಲ್ಟಿ ತಾವೇ ಹಾಕಿಕೊಳ್ಳಬೇಕು, ಸ್ಕೋರನ್ನೂ ಮಕ್ಕಳೇ, ಒಬ್ಬರದ್ದು ಇನ್ನೊಬ್ಬರು, ಬರೆಯಬೇಕು. ಹಾಗಾಗಿ ಚೆನ್ನಾಗಿ ಹೊಡೆಯುವ ಮಕ್ಕಳ ಜೊತೆಗೆ, ತನ್ನ ಕೆಲಸ ತಾನೇ ನೋಡಿಕೊಳ್ಳುವ ಮಕ್ಕಳನ್ನೂ ಕೋಚ್ ಹುಡುಕುತ್ತಾರೆ. ಮನೆಯವರು ಆ ಕೆಲಸವನ್ನು ಕೈಗೆ ತೆಗೆದುಕೊಂಡಷ್ಟೂ ಮಗುವಿಗೆ ನಷ್ಟ.

ಇನ್ನೊಂದು ಮಾತು. ಆಟದ ಮೂಲ ನಿಯಮಗಳು ಅಮೆರಿಕದ ಗಾಲ್ಫ್ ಸಂಸ್ಥೆಯಾದ ಯುಎಸ್‌ಜಿಎಯವು. ಅದರ ಮೇಲೆ ರಾಜ್ಯದ ನಿಯಮ, ಲೀಗಿನ ನಿಯಮ ಬರುತ್ತವೆ. ಕೆಳಗೆ 'ಕೋಚ್ ಹತ್ತಿರ ಕೇಳಿ' ಅಂತ ಬರೆದ ಕಡೆಯೆಲ್ಲ ನಿಜವಾಗಲೂ ಕೇಳಿಸಿ. ಪಕ್ಕದ ಊರಿನ ಗೆಳೆಯರ ಮಾತು ನಿಮ್ಮ ಲೀಗಿಗೆ ಹೊಂದದೆ ಇರಬಹುದು.

## ಹಂತ 1: ಸೀಸನ್ ಯಾವಾಗ ಅಂತ ಖಚಿತ ಮಾಡಿಕೊಳ್ಳಿ

ಟಿಕೆಟ್ ಬುಕ್ ಮಾಡುವ ಮುಂಚೆ ಈ ಕೆಲಸ ಮುಗಿಸಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಹುಡುಗಿಯರ ಗಾಲ್ಫ್ ಬೇಸಿಗೆ ರಜೆ ಮುಗಿದ ತಕ್ಷಣ ಶುರು, ಹುಡುಗರದ್ದು ವಸಂತದಲ್ಲಿ. ಇಲಿನಾಯ್‌ನಲ್ಲಿ ಇಬ್ಬರಿಗೂ ಬೇಸಿಗೆ ರಜೆಯ ನಂತರ. ನ್ಯೂಜೆರ್ಸಿಯಲ್ಲಿ ವಸಂತ. ಟೆಕ್ಸಸ್‌ನಲ್ಲೂ ಡಿಸ್ಟ್ರಿಕ್ಟ್, ರೀಜನಲ್ ಪಂದ್ಯಗಳು ವಸಂತದಲ್ಲೇ.

ಹುಡುಗಿಯರ ಸೀಸನ್‌ಗೆ ನಮ್ಮವರು ಬೀಳುವ ಗುಂಡಿ ಯಾವುದು ಗೊತ್ತಾ? ಬೆಂಗಳೂರಿನಿಂದ ವಾಪಸ್ ಬರುವ ವಿಮಾನ. ಆಗಸ್ಟ್ ಮಧ್ಯದಲ್ಲಿ ಬಂದಿಳಿದು ಶಾಲೆಗೆ ಹೋಗುವಷ್ಟರಲ್ಲಿ ಟ್ರೈಔಟ್ (ತಂಡಕ್ಕೆ ಆಯ್ಕೆ ಮಾಡಲು ಆಡಿಸುವುದು) ಮುಗಿದಿರುತ್ತದೆ. ಎಷ್ಟೋ ಕಡೆ ತರಗತಿ ಶುರುವಾಗುವ ಮುಂಚೆಯೇ ಟ್ರೈಔಟ್ ಇರುತ್ತದೆ. ಟ್ರೈಔಟ್‌ಗೆ ಕನಿಷ್ಠ ಒಂದು ವಾರ ಮುಂಚೆ ಊರಲ್ಲಿರಿ. ಜೆಟ್ ಲ್ಯಾಗ್ ಇಟ್ಟುಕೊಂಡು ಪಟ್ (ಚೆಂಡನ್ನು ಮೆಲ್ಲಗೆ ತೂತಿಗೆ ಉರುಳಿಸುವ ಹೊಡೆತ) ಮಾಡಲು ಆಗಲ್ಲ.

ಹಬ್ಬಗಳದ್ದೂ ಇದೇ ಕಥೆ. ಯುಗಾದಿ ವಸಂತದ ಸೀಸನ್ನಿಗೆ ತಾಗುತ್ತದೆ, ನವರಾತ್ರಿ ಇನ್ನೊಂದಕ್ಕೆ. ರಜೆ ಕೇಳಬಾರದು ಅಂತೇನಿಲ್ಲ. ವೇಳಾಪಟ್ಟಿ ಕೈಗೆ ಬಂದ ವಾರವೇ, ಯಾವ ದಿನ ಬರಲು ಆಗುವುದಿಲ್ಲ ಅಂತ ಮಗುವೇ ಕೋಚ್‌ಗೆ ಬರೆದು ಕೊಡಬೇಕು. ಹಿಂದಿನ ರಾತ್ರಿ ಹೇಳಿದರೆ ಹಬ್ಬವಾದರೂ ಒಂದೇ, ಮದುವೆಯಾದರೂ ಒಂದೇ. ತಂಡಕ್ಕೆ ಒಬ್ಬರು ಕಡಿಮೆ, ಅಷ್ಟೇ. ಡ್ಯಾನ್ಸ್ ಕ್ಲಾಸ್, ಸಂಗೀತ ಪಾಠದ ಸಮಯವನ್ನೂ ಈಗಲೇ ಬದಲಾಯಿಸಿಕೊಳ್ಳಿ. ಪ್ರಾಕ್ಟೀಸ್ ವಾರದ ದಿನ ಶಾಲೆ ಬಿಟ್ಟ ಕೂಡಲೇ ಇರುತ್ತದೆ.

## ಹಂತ 2: ಕಾಗದ ಪತ್ರ

ಇದು ಬೇಜಾರಿನ ಕೆಲಸ, ಆದರೆ ಇದಿಲ್ಲದೆ ಟ್ರೈಔಟ್‌ಗೆ ಕಾಲಿಡಲು ಬಿಡುವುದಿಲ್ಲ. ಡಾಕ್ಟರ್ ಸಹಿ ಹಾಕಿದ ಫಿಸಿಕಲ್ ಫಾರ್ಮ್, ಶಾಲೆಯ ಆನ್‌ಲೈನ್ ನೋಂದಣಿ, ಇನ್ಶೂರೆನ್ಸ್ ವಿವರ, ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು ಎನ್ನುವ ಒಪ್ಪಿಗೆ ಪತ್ರ. ಫಿಸಿಕಲ್‌ಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಒಂದು ತಿಂಗಳು ಮುಂಚೆ ಹಿಡಿಯಿರಿ. ಊರಲ್ಲಿ ಡಾಕ್ಟರ್ ಆಗಿರುವ ಚಿಕ್ಕಪ್ಪನ ಸಹಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಯಾರ ಸಹಿ ನಡೆಯುತ್ತದೆ ಅಂತ ಫಾರ್ಮಿನಲ್ಲೇ ಬರೆದಿರುತ್ತದೆ.

ಅಂಕದ ನಿಯಮವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2.0 ಜಿಪಿಎ ಬೇಕು. ಟೆಕ್ಸಸ್‌ನಲ್ಲಿ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ ಮೂರು ವಾರ ಪಂದ್ಯ ಆಡುವಂತಿಲ್ಲ. 'ನಮ್ಮ ಮಕ್ಕಳಿಗೆ ಆ ಚಿಂತೆ ಇಲ್ಲ' ಅಂತ ನಗಬೇಡಿ. ಮ್ಯಾಚ್ ಇದ್ದ ದಿನ ಕೊನೇ ಪೀರಿಯಡ್ ತಪ್ಪುತ್ತದೆ, ಹೋಮ್‌ವರ್ಕ್ ಬಾಕಿ ಬೀಳುತ್ತದೆ. ಟೀಚರ್ ಹತ್ತಿರ ಮುಂಚೆಯೇ ಹೋಗಿ ಮಾತಾಡುವುದು ಮಗುವಿನ ಕೆಲಸ.

ದುಡ್ಡಿನ ವಿಷಯ: ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳು ಆಟಕ್ಕೆ ಕಡ್ಡಾಯ ಶುಲ್ಕ ಹಾಕುವಂತಿಲ್ಲ. ಅದಕ್ಕೇ ದೇಣಿಗೆ ಅಂತ ಕೇಳುತ್ತಾರೆ. ಕೊಡದಿದ್ದರೆ ಮಗುವನ್ನು ಕೈಬಿಡುವಂತಿಲ್ಲ. ಆಗುತ್ತದೆ ಅನ್ನುವವರು ಕೊಡಿ, ಚೆಂಡು, ರೇಂಜ್ (ಹೊಡೆತ ಅಭ್ಯಾಸ ಮಾಡುವ ಜಾಗ) ಖರ್ಚೆಲ್ಲ ಅದರಲ್ಲೇ ನಡೆಯುತ್ತದೆ. ಬೇರೆ ರಾಜ್ಯಗಳಲ್ಲಿ ಶುಲ್ಕ ಇರಬಹುದು, ವಿಚಾರಿಸಿ.

## ಹಂತ 3: ಬ್ಯಾಗಿನಲ್ಲಿ ಏನಿರಬೇಕು

ಹೊಸ ಫುಲ್ ಸೆಟ್ ಬೇಡವೇ ಬೇಡ. ಬೆಳೆಯುವ ಮಕ್ಕಳಿಗೆ ಒಂದೇ ವರ್ಷದಲ್ಲಿ ಕ್ಲಬ್ ಗಿಡ್ಡ ಆಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್), ಒಂದು ಹೈಬ್ರಿಡ್, ಕೆಲವು ಐರನ್, ಎರಡು ವೆಜ್, ಪಟರ್ ಇದ್ದರೆ ಶುರು ಮಾಡಬಹುದು. ಗರಿಷ್ಠ 14 ಕ್ಲಬ್. ಅಪ್ಪನ ವೆಜ್ ಒಂದು ಬ್ಯಾಗಿನ ಮೂಲೆಯಲ್ಲಿ ಉಳಿದು 15 ಆದರೆ, ಅದು ಇದ್ದ ಪ್ರತಿ ಹೋಲಿಗೆ (ಮೊದಲ ಹೊಡೆತದಿಂದ ಚೆಂಡು ತೂತಿಗೆ ಬೀಳುವವರೆಗಿನ ಒಂದು ಘಟ್ಟ) 2 ಸ್ಟ್ರೋಕ್ ಪೆನಾಲ್ಟಿ, ಒಟ್ಟು 4ರವರೆಗೆ. ಅಂದರೆ ಸ್ಕೋರಿಗೆ ಅಷ್ಟು ಹೊಡೆತ ಸೇರುತ್ತದೆ, ಗಾಲ್ಫಿನಲ್ಲಿ ಹೊಡೆತ ಕಡಿಮೆಯಿದ್ದಷ್ಟೂ ಒಳ್ಳೆಯದು. ಮ್ಯಾಚ್ ಬೆಳಗ್ಗೆ ಮಗು ಕ್ಲಬ್ ಎಣಿಸಿಕೊಳ್ಳಬೇಕು.

ಚಿಕ್ಕ ಸಾಮಾನುಗಳಲ್ಲೇ ಎಲ್ಲರೂ ಸಿಕ್ಕಿಬೀಳುವುದು:

- ಚೆಂಡಿಗೆ ಗುರುತು ಹಾಕಲು ಪರ್ಮನೆಂಟ್ ಮಾರ್ಕರ್ ಪೆನ್
- ಗ್ರೀನ್ (ತೂತಿನ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಮೇಲೆ ಚೆಂಡಿನ ಜಾಗ ಗುರುತಿಸಲು ಬಾಲ್ ಮಾರ್ಕರ್, ಇಲ್ಲವೇ ಒಂದು ನಾಣ್ಯ
- ಚೆಂಡು ಬಿದ್ದು ಆದ ಕುಳಿ ಸರಿಮಾಡುವ ಫೋರ್ಕ್
- ಎರಡು ಪೆನ್ಸಿಲ್, ಟೀ (ಚೆಂಡು ಇಟ್ಟು ಹೊಡೆಯುವ ಪುಟ್ಟ ಗೂಟ), ಟವೆಲ್
- ಮಳೆ ಜಾಕೆಟ್, ಟೋಪಿ, ಸನ್‌ಸ್ಕ್ರೀನ್, ನೀರು

ಮೈಲಿಗಟ್ಟಲೆ ನಡೆಯಬೇಕು, ಬೆನ್ನಿಗೆ ಕನಿಕರ ಇದ್ದರೆ ತಳ್ಳುವ ಗಾಡಿ ಕೊಡಿಸಿ. ಬಟ್ಟೆ ಕಾಲರ್ ಇರುವ ಶರ್ಟ್, ಜೀನ್ಸ್ ಬೇಡ. ದೂರ ಅಳೆಯುವ ರೇಂಜ್‌ಫೈಂಡರ್ ಇದ್ದರೆ ಏರು ತಗ್ಗು ಲೆಕ್ಕ ಹಾಕುವ ಸ್ಲೋಪ್ ಗುಂಡಿ ಆಫ್ ಆಗಿರಲಿ. ಅದನ್ನು ಬಳಸಿದರೆ ಮೊದಲ ಸಲ 2 ಸ್ಟ್ರೋಕ್, ಎರಡನೇ ಸಲ ಆಟದಿಂದಲೇ ಹೊರಗೆ. ಲೀಗಿನಲ್ಲಿ ಆ ಯಂತ್ರಕ್ಕೆ ಅನುಮತಿ ಇದೆಯಾ ಅಂತಲೂ ಕೇಳಿ.

ತಿನ್ನಲು ಬಾಳೆಹಣ್ಣು, ಕಡಲೆ ಚಿಕ್ಕಿ, ಒಣ ಚಪಾತಿ ರೋಲ್ ಸಾಕು. ಡಬ್ಬಿಯಲ್ಲಿ ಪುಳಿಯೋಗರೆ ಕಳಿಸಬೇಡಿ. ಎಣ್ಣೆ ಕೈಯಲ್ಲಿ ಗ್ರಿಪ್ ಹಿಡಿದರೆ ಮುಂದಿನ ಹೊಡೆತ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

## ಹಂತ 4: ಟ್ರೈಔಟ್

ಸಾಮಾನ್ಯವಾಗಿ ಕೆಲವು ದಿನ 9 ಹೋಲ್ ಆಡಿಸಿ ಸ್ಕೋರ್ ಕೂಡಿಸುತ್ತಾರೆ. ಹಿಂದಿನ ವರ್ಷ ಯಾವ ಸ್ಕೋರ್‌ಗೆ ಜಾಗ ಸಿಕ್ಕಿತ್ತು ಅಂತ ಕೋಚ್ ಹತ್ತಿರ ನೇರವಾಗಿ ಕೇಳಬಹುದು, ಅದರಲ್ಲಿ ತಪ್ಪಿಲ್ಲ.

ಮಕ್ಕಳು ಇಲ್ಲಿ ಮಾಡುವ ದೊಡ್ಡ ತಪ್ಪು ರೇಂಜಿನಲ್ಲೇ ತಯಾರಿ ಮುಗಿಸುವುದು. ಚಾಪೆ ಮೇಲೆ ಬಕೆಟ್‌ಗಟ್ಟಲೆ ಡ್ರೈವರ್ ಹೊಡೆದು ಬರುತ್ತಾರೆ, 3 ಅಡಿ ಪಟ್ ತಪ್ಪಿಸಿಕೊಳ್ಳುತ್ತಾರೆ. ಟ್ರೈಔಟ್‌ಗೆ ಮುಂಚೆ ನಿಜವಾದ ಕೋರ್ಸ್ ಮೇಲೆ, ಪೆನ್ಸಿಲ್ ಹಿಡಿದು, ಪ್ರತಿ ಸ್ಟ್ರೋಕ್ ಎಣಿಸಿ ಆಡಿರಬೇಕು. ಗೆಳೆಯರ ಜೊತೆ ಆಡುವಾಗ 'ಇದು ಬಿಡು, ಇನ್ನೊಂದು ಹೊಡಿ' ಅನ್ನುವ ಅಭ್ಯಾಸ ಇರುವ ಮಕ್ಕಳ 45 ಇಲ್ಲಿ 55 ಆಗುತ್ತದೆ. ಖರ್ಚಿನ ಯೋಚನೆ ಇದ್ದರೆ ಯೂತ್ ಆನ್ ಕೋರ್ಸ್ ಸದಸ್ಯತ್ವ ಮಾಡಿಸಿ. ಅದಕ್ಕೆ ಸೇರಿರುವ ಕೋರ್ಸ್‌ಗಳಲ್ಲಿ, ಅವರು ಕೊಟ್ಟ ಸಮಯಕ್ಕೆ, ಮಕ್ಕಳು 5 ಡಾಲರ್ ಅಥವಾ ಅದಕ್ಕೂ ಕಡಿಮೆಗೆ ಆಡಬಹುದು.

ಟ್ರೈಔಟ್ ದಿನ ಪೋಷಕರು ಪಾರ್ಕಿಂಗ್‌ನಲ್ಲೇ ಬಿಟ್ಟು ಹೊರಡಿ. ಬ್ಯಾಗ್ ಎತ್ತಿಕೊಟ್ಟು, ಶೂ ಲೇಸ್ ಕಟ್ಟಿ, ಕೋಚ್‌ಗೆ ಮಗುವಿನ ಟ್ರೋಫಿ ಪಟ್ಟಿ ಒಪ್ಪಿಸುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ಪಾಪ, ಆ ಮಗು ತಲೆ ತಗ್ಗಿಸಿ ನಿಂತಿರುತ್ತದೆ.

ವಾರ್ಸಿಟಿ (ಶಾಲೆಯ ಮೊದಲ ತಂಡ) ಸಿಗದೆ ಜೆವಿ (ಎರಡನೇ ತಂಡ) ಸಿಕ್ಕರೆ ಒಪ್ಪಿಕೊಳ್ಳಿ. ವಾರ್ಸಿಟಿಯಲ್ಲಿ ಬೆಂಚ್ ಕಾಯುವುದಕ್ಕಿಂತ ಜೆವಿಯಲ್ಲಿ ಪ್ರತಿ ಮ್ಯಾಚ್ ಆಡುವುದು ಎಷ್ಟೋ ವಾಸಿ.

## ಹಂತ 5: ಪ್ರಾಕ್ಟೀಸ್, ಮತ್ತೆ ಪಟ್ಟಿ ಹೇಗೆ ತಯಾರಾಗುತ್ತದೆ

ಮೊದಲು ಲೆಕ್ಕ ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾದ ಹಲವು ಲೀಗ್‌ಗಳಲ್ಲಿ 6 ಜನ ಆಡಿ, ಒಳ್ಳೆಯ 5 ಸ್ಕೋರ್ ಎಣಿಸುತ್ತಾರೆ. ಟೆಕ್ಸಸ್‌ನಲ್ಲಿ 5 ಜನ ಆಡಿ 4. ಅಂದರೆ ತಂಡದಲ್ಲಿ 12 ಮಕ್ಕಳಿದ್ದರೂ ಒಂದು ಮ್ಯಾಚಿಗೆ ಅರ್ಧದಷ್ಟು ಜನಕ್ಕೆ ಜಾಗ. ಇದು ಗೊತ್ತಿಲ್ಲದೆ 'ತಂಡಕ್ಕೆ ತಗೊಂಡ್ರು, ಆಡಿಸ್ತಾ ಇಲ್ಲ' ಅಂತ ಕೊರಗುವವರು ಬಹಳ.

ಐದನೇ, ಆರನೇ ಜಾಗಕ್ಕೆ ಪೈಪೋಟಿ ಸದಾ ಇರುತ್ತದೆ. ಪ್ರಾಕ್ಟೀಸಿನಲ್ಲೇ ಕ್ವಾಲಿಫೈಯಿಂಗ್ ಆಡಿಸಿ ಜಾಗ ಕೊಡುವ ಕೋಚ್‌ಗಳೂ ಇದ್ದಾರೆ. ಹಾಗಾಗಿ ಪ್ರಾಕ್ಟೀಸ್ ತಪ್ಪಿಸಿದರೆ ಜಾಗ ತಪ್ಪುತ್ತದೆ. ಪರ್ಸನಲ್ ಕೋಚ್ ಹತ್ತಿರ ಲೆಸನ್ ಇದೆ ಅಂತ ಶಾಲೆಯ ಪ್ರಾಕ್ಟೀಸ್ ಬಿಡುವುದು ಕೋಚ್‌ಗೆ ಕೆಟ್ಟ ಸುದ್ದಿ ಕಳಿಸಿದ ಹಾಗೆ. ಲೆಸನ್ ಭಾನುವಾರ ಇಟ್ಟುಕೊಳ್ಳಿ.

ಸೀಸನ್ ನಡೆಯುವಾಗ ಹೊರಗಿನ ಟೂರ್ನಮೆಂಟ್‌ಗೆ ಹೆಸರು ಕೊಡುವ ಮುಂಚೆ ಕೋಚ್‌ಗೆ ಹೇಳಲೇಬೇಕು. ಅದೇ ಆಟವನ್ನು ಹೊರಗೆ ಆಡುವುದಕ್ಕೆ ರಾಜ್ಯಗಳಲ್ಲಿ ಬೇರೆ ಬೇರೆ ನಿರ್ಬಂಧ ಇವೆ. ಗೊತ್ತಿಲ್ಲದೆ ಆಡಿದರೂ ಅರ್ಹತೆ ಹೋಗಬಹುದು.

ಕೋರ್ಸ್‌ನವರು ಶಾಲೆಗಳಿಗೆ ಕಡಿಮೆ ದರಕ್ಕೆ ಜಾಗ ಬಿಟ್ಟುಕೊಟ್ಟಿರುತ್ತಾರೆ. ಕಿತ್ತ ಹುಲ್ಲು ವಾಪಸ್ ಇಡುವುದು, ಬಂಕರ್ ಮರಳು ಸಮ ಮಾಡುವುದು, ಗ್ರೀನ್ ಮೇಲಿನ ಕುಳಿ ಸರಿ ಮಾಡುವುದು, ಕ್ಲಬ್ ಎಸೆಯದೆ ಇರುವುದು, ಇವೆಲ್ಲ ಸೌಜನ್ಯದ ಮಾತು ಮಾತ್ರ ಅಲ್ಲ. ಒಬ್ಬ ಹುಡುಗ ಸಿಟ್ಟಿನಲ್ಲಿ ಗ್ರೀನ್ ಅಗೆದರೆ ಇಡೀ ತಂಡದ ಪ್ರಾಕ್ಟೀಸ್ ಜಾಗಕ್ಕೇ ಸಂಚಕಾರ.

## ಹಂತ 6: ಮ್ಯಾಚ್ ದಿನ, ಆಟಗಾರರಿಗೆ

ಹೋಗುವ ಮುಂಚೆ. ಅದೇ ಕೋರ್ಸ್‌ನಲ್ಲಿ ಬೆಳಗ್ಗೆ ಹೋಗಿ ನಾಲ್ಕು ಹೋಲ್ ಆಡಿಬರೋಣ ಅನ್ನುವ ಐಡಿಯಾ ಕೈಬಿಡಿ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಪಂದ್ಯದಲ್ಲಿ) ಪಂದ್ಯದ ದಿನ ರೌಂಡ್‌ಗೆ ಮುಂಚೆ ಆ ಕೋರ್ಸ್ ಮೇಲೆ ಅಭ್ಯಾಸ ಮಾಡುವಂತಿಲ್ಲ. ಪ್ರಾಕ್ಟೀಸ್ ಗ್ರೀನ್, ರೇಂಜ್ ಮಾತ್ರ ಬಳಸಬಹುದು.

ವಾರ್ಮ್ ಅಪ್. ಬಸ್ ತಡವಾಗಿ ಹದಿನೈದೇ ನಿಮಿಷ ಉಳಿದರೆ ಡ್ರೈವರ್ ಕ್ಲಬ್ ಮರೆತುಬಿಡಿ. ಪಟಿಂಗ್ ಗ್ರೀನಿಗೆ ಹೋಗಿ ಉದ್ದದ ಪಟ್ ಹೊಡೆದು ವೇಗ ನೋಡಿಕೊಳ್ಳಿ. ಉಳಿದ ಸಮಯಕ್ಕೆ ಕೈಕಾಲು ಬಿಡಿಸಿಕೊಳ್ಳಿ.

ಟೀ (ಹೋಲಿನ ಮೊದಲ ಹೊಡೆತದ ಜಾಗ) ಹತ್ತಿರ. ಹೇಳಿದ ಸಮಯಕ್ಕೆ ಅಲ್ಲಿರಬೇಕು. ಐದು ನಿಮಿಷದೊಳಗಿನ ತಡಕ್ಕೆ 2 ಸ್ಟ್ರೋಕ್, ಅದಕ್ಕಿಂತ ಜಾಸ್ತಿಯಾದರೆ ಅನರ್ಹ. ಜೊತೆಗಾರರಿಗೆ ಕೈ ಕುಲುಕಿ, ಹೆಸರು ಹೇಳಿ, ಯಾರ ಕಾರ್ಡ್ ಯಾರು ಬರೆಯುತ್ತಾರೆ ಅಂತ ತೀರ್ಮಾನಿಸಿ. ನಿಮ್ಮ ಚೆಂಡಿನ ಬ್ರ್ಯಾಂಡ್, ಸಂಖ್ಯೆ, ಗುರುತು ಎಲ್ಲರಿಗೂ ತೋರಿಸಿ. ಇಬ್ಬರ ಚೆಂಡೂ ಒಂದೇ ತರ ಇದ್ದು, ಉದ್ದ ಹುಲ್ಲಿನಲ್ಲಿ ಬೇರೆಯವರ ಚೆಂಡು ಹೊಡೆದುಬಿಟ್ಟರೆ 2 ಸ್ಟ್ರೋಕ್. ಮುಂದಿನ ಹೋಲಿನ ಟೀ ಹೊಡೆಯುವ ಮುಂಚೆ ಅದನ್ನು ಸರಿ ಮಾಡದಿದ್ದರೆ ಅನರ್ಹ.

ಚೆಂಡು ಕಳೆದಾಗ. ಹುಡುಕಲು 3 ನಿಮಿಷ ಮಾತ್ರ. ಮರಗಳ ಕಡೆಗೆ ಹೋಯಿತು ಅನ್ನಿಸಿದ ಕೂಡಲೇ ಪ್ರಾವಿಷನಲ್ (ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಹೊಡೆಯುವ ಬದಲಿ ಚೆಂಡು) ಹೊಡೆಯಬೇಕು, ಮತ್ತೆ ಆ ಪದ ಬಾಯಿಬಿಟ್ಟು ಹೇಳಬೇಕು. 'ಇನ್ನೊಂದು ಹೊಡೀತೀನಿ' ಅಂದರೆ ಸಾಲದು. ಹಾಗೆ ಹೇಳಿ ಹೊಡೆದರೆ ಎರಡನೇ ಚೆಂಡೇ ಆಟದ ಚೆಂಡಾಗುತ್ತದೆ. ಮೊದಲನೆಯದು ಆಮೇಲೆ ಫೇರ್‌ವೇ (ಟೀಯಿಂದ ಗ್ರೀನ್ ಕಡೆಗಿನ ಕತ್ತರಿಸಿದ ಹುಲ್ಲಿನ ದಾರಿ) ನಡುವೆ ಸಿಕ್ಕಿದರೂ ಪ್ರಯೋಜನವಿಲ್ಲ. ಈ ಒಂದು ಪದ ಹೇಳದೆ ಎಷ್ಟೋ ಮಕ್ಕಳು ಅಳುತ್ತಾ ಬಂದಿದ್ದಾರೆ.

ನಿಯಮ ಗೊತ್ತಾಗದಿದ್ದಾಗ. ಜಗಳ ಬೇಡ, ಊಹೆಯೂ ಬೇಡ. ಸ್ಟ್ರೋಕ್ ಪ್ಲೇಯಲ್ಲಿ ಒಂದು ಒಳ್ಳೆಯ ದಾರಿ ಇದೆ. ಎರಡು ಚೆಂಡು ಆಡಿ ಹೋಲ್ ಮುಗಿಸಬಹುದು. ಕ್ರಮ ಹೀಗೆ: ಎರಡು ಚೆಂಡು ಆಡುತ್ತೇನೆ ಅಂತ ಜೊತೆಗಾರರಿಗೆ ಹೇಳಿ. ನಿಯಮ ಒಪ್ಪಿದರೆ ಯಾವ ಚೆಂಡು ಲೆಕ್ಕಕ್ಕೆ ಬರಬೇಕು ಅಂತಲೂ ಹೇಳಿ. ಎರಡೂ ಸ್ಕೋರ್ ಬರೆದಿಡಿ. ಕಾರ್ಡ್ ಕೊಡುವ ಮುಂಚೆ ಕೋಚ್ ಅಥವಾ ಪಂದ್ಯದ ಜವಾಬ್ದಾರಿ ಹೊತ್ತವರಿಗೆ ತಿಳಿಸಿ. ಎರಡರಲ್ಲೂ ಒಂದೇ ಸ್ಕೋರ್ ಬಂದರೂ ಹೇಳಲೇಬೇಕು. ಹೇಳದಿದ್ದರೆ ಅನರ್ಹ.

ಜೊತೆಯವನಿಗೂ ಸಲಹೆ ಕೊಡುವಂತಿಲ್ಲ. ಇದು ನಮ್ಮ ಮಕ್ಕಳಿಗೆ ವಿಚಿತ್ರ ಅನ್ನಿಸುತ್ತದೆ, ಒಂದೇ ತಂಡದವರಲ್ವಾ? ಆದರೆ ಪಕ್ಕದ ಫೇರ್‌ವೇಯಿಂದ 'ಏನ್ ಹೊಡ್ದೆ, ಎಂಟಾ ಒಂಬತ್ತಾ?' (ಎಷ್ಟನೇ ನಂಬರಿನ ಐರನ್) ಅಂತ ಕೇಳಿದವನಿಗೂ 2 ಸ್ಟ್ರೋಕ್, ಉತ್ತರ ಕೊಟ್ಟವನಿಗೂ 2 ಸ್ಟ್ರೋಕ್. ದೂರ ಎಷ್ಟು, ಬಂಕರ್ ಎಲ್ಲಿದೆ, ನಿಯಮ ಏನು, ಇವನ್ನು ಕೇಳಬಹುದು.

ವೇಗ. ತನ್ನ ಸರದಿ ಬರುವಷ್ಟರಲ್ಲಿ ಕ್ಲಬ್ ಕೈಯಲ್ಲಿರಬೇಕು. ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ ಅನ್ನುತ್ತದೆ ನಿಯಮ ಪುಸ್ತಕ. ಬ್ಯಾಗನ್ನು ಗ್ರೀನಿನ ಮುಂದೆ ಬಿಟ್ಟು ಹೋಗಬೇಡಿ, ಮುಂದಿನ ಟೀ ಕಡೆ ಇಡಿ. ಸ್ಕೋರನ್ನು ಗ್ರೀನ್ ಮೇಲೆ ನಿಂತು ಬರೆಯಬೇಡಿ.

ಗುಡುಗು ಕೇಳಿದರೆ. ಉದ್ದನೆಯ ಸೈರನ್ ಬಂದರೆ ಅಲ್ಲೇ ಆಟ ನಿಲ್ಲಿಸಿ. 'ಈ ಪಟ್ ಒಂದು' ಅನ್ನುವುದು ಬೇಡ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಶಾಲೆಗಳು ಮಕ್ಕಳನ್ನು ಕೋರ್ಸ್ ಮೇಲೆ ಬಿಡುವುದಿಲ್ಲ.

## ಹಂತ 7: ಸ್ಕೋರ್‌ಕಾರ್ಡ್

ಇಡೀ ಸೀಸನ್ನಿನ ಅತಿ ದುಬಾರಿ ತಪ್ಪುಗಳು ಆಗುವುದು ಇಲ್ಲಿ, ಅದೂ ಆಟ ಮುಗಿದ ಮೇಲೆ. ಹಾಗಾಗಿ ನಿಧಾನವಾಗಿ ಓದಿ.

ನಿಮ್ಮ ಮಗಳ ಕಾರ್ಡ್ ಎದುರು ತಂಡದ ಹುಡುಗಿಯ ಕೈಯಲ್ಲಿರುತ್ತದೆ. ಆರನೇ ಹೋಲಿನಲ್ಲಿ ಮಗಳ ಚೆಂಡು ಕೆಂಪು ಗೂಟದ ಆಚೆ ನೀರಿಗೆ ಬಿತ್ತು, ಒಂದು ಪೆನಾಲ್ಟಿ, ಕೊನೆಗೆ 7. ಆ ಹುಡುಗಿ ತನ್ನ ಪಟ್ ಚಿಂತೆಯಲ್ಲಿ 6 ಅಂತ ಬರೆದಳು. ಯಾರದೂ ಕೆಟ್ಟ ಉದ್ದೇಶವಲ್ಲ. ಮಗಳು ನೋಡದೆ ಸಹಿ ಹಾಕಿ ಕೊಟ್ಟರೆ ಅನರ್ಹ, ಇಡೀ ರೌಂಡ್ ಹೋಯಿತು. ಉಲ್ಟಾ ಆಗಿ 8 ಅಂತ ಬರೆದಿದ್ದರೆ? ಆ 8 ಹಾಗೇ ನಿಲ್ಲುತ್ತದೆ. ಎರಡರಲ್ಲೂ ಹೊಣೆ ಮಗಳದ್ದೇ, ಬರೆದವಳದ್ದಲ್ಲ.

ತಪ್ಪಿಸಿಕೊಳ್ಳುವ ಕ್ರಮ:

1. ಪ್ರತಿ ಹೋಲ್ ಮುಗಿದ ಕೂಡಲೇ, ಮುಂದಿನ ಟೀಗೆ ನಡೆಯುತ್ತಾ, ಸ್ಕೋರನ್ನು ಜೋರಾಗಿ ಹೇಳಿ. 'ನನ್ನದು ಏಳು, ನಿನ್ನದು ಐದು.'
2. ನಿಮ್ಮ ಕೈಯಲ್ಲಿರುವ ಜೊತೆಗಾರರ ಕಾರ್ಡಿನ ಕೆಳಗಿನ ಸಾಲಿನಲ್ಲಿ ನಿಮ್ಮ ಸ್ಕೋರನ್ನೂ ಬರೆದುಕೊಳ್ಳಿ. ಕೊನೆಗೆ ತಾಳೆ ನೋಡಲು ಇದೇ ಆಧಾರ.
3. ಆಟ ಮುಗಿದ ಮೇಲೆ ನೆರಳಲ್ಲಿ ಕೂತು ಹೋಲ್ ಹೋಲ್ ಓದಿ ಹೋಲಿಸಿ. ಒಟ್ಟು ಮಾತ್ರ ನೋಡಿ ಸುಮ್ಮನಾಗಬೇಡಿ.
4. ತಕರಾರಿದ್ದರೆ ಸಹಿಗೆ ಮುಂಚೆ ಎರಡೂ ಕೋಚ್‌ಗಳನ್ನು ಕರೆಯಿರಿ. ಆ ಹೋಲಿನ ಪ್ರತಿ ಹೊಡೆತ ನೆನಪು ಮಾಡಿಕೊಂಡು ಹೇಳಿ.
5. ಇಬ್ಬರ ಸಹಿಯೂ ಇದೆಯಾ ನೋಡಿ, ಆಮೇಲೆ ಕೊಡಿ.

ಕೂಡಿಸುವಾಗ ಒಟ್ಟು ತಪ್ಪಿದರೆ ಹೆದರಬೇಕಿಲ್ಲ. ನಿಯಮದ ಪ್ರಕಾರ ಒಟ್ಟು ಲೆಕ್ಕ ಪಂದ್ಯ ನಡೆಸುವ ಕಮಿಟಿಯದ್ದು, ಹೋಲಿನ ಸ್ಕೋರ್ ಮಾತ್ರ ಆಟಗಾರರದ್ದು. ಈಗ ಫೋನ್ ಆಪಿನಲ್ಲೂ ಲೈವ್ ಸ್ಕೋರ್ ಹಾಕಿಸುತ್ತಾರೆ. ಆಪ್, ಕಾಗದ ಎರಡೂ ಇದ್ದರೆ ಯಾವುದು ಅಧಿಕೃತ ಅಂತ ಮೊದಲ ಟೀ ಹತ್ತಿರವೇ ಕೇಳಿಕೊಳ್ಳಿ. ಮನೆಯಲ್ಲಿ ಕೂತು ಆ ಆಪ್ ನೋಡುತ್ತಾ 'ಐದನೇ ಹೋಲಲ್ಲಿ ಏನಾಯ್ತು' ಅಂತ ಮಗುವಿಗೆ ಮೆಸೇಜ್ ಹಾಕುವ ಪೋಷಕರೇ, ದಯವಿಟ್ಟು ಬೇಡ.

ಕೆಲವು ಲೀಗ್‌ಗಳಲ್ಲಿ ಒಂದು ಹೋಲಿಗೆ ಇಷ್ಟೇ ಗರಿಷ್ಠ ಅಂತ ಮಿತಿ ಇರುತ್ತದೆ. ಆ ಸಂಖ್ಯೆ ತಲುಪಿದ ಮೇಲೆ ಚೆಂಡು ಎತ್ತಿಕೊಳ್ಳಬಹುದು. ಮಿತಿ ಇಲ್ಲದ ಕಡೆ ಎತ್ತಿಕೊಂಡು ಹೋಲ್ ಮುಗಿಸದೆ ಹೋದರೆ ಅನರ್ಹ.

## ಹಂತ 8: ಕೋರ್ಸ್ ಮೇಲೆ ಪೋಷಕರು

ಬನ್ನಿ, ನೋಡಿ, ನಡೆಯಿರಿ. ಅಷ್ಟಕ್ಕೆ ಹೆಚ್ಚಿನ ಕಡೆ ಅಡ್ಡಿ ಇಲ್ಲ. ಕಾರ್ಟ್ ಪಾತ್ ಮೇಲೇ ಇರಿ. ಗ್ರೀನ್, ಟೀ, ಫೇರ್‌ವೇ ಮೇಲೆ ಕಾಲಿಡಬೇಡಿ. ಕಾರ್ಟ್ ಬೇಕಿದ್ದರೆ, ಅಜ್ಜ ಅಜ್ಜಿ ಬಂದಿದ್ದಾರೆ, ಮಂಡಿ ನೋವು ಅಂತಿದ್ದರೆ, ಮುಂಚೆಯೇ ಕೋಚ್ ಮೂಲಕ ಅನುಮತಿ ಪಡೆಯಿರಿ. ಮಗುವಿನ ಬ್ಯಾಗ್ ಕಾರ್ಟಿಗೆ ಹಾಕಿಕೊಳ್ಳಬೇಡಿ. ಫೋನ್ ಸೈಲೆಂಟ್ ಮಾಡಿ. ಎದುರಿನವರ ಒಳ್ಳೆ ಹೊಡೆತಕ್ಕೂ ಚಪ್ಪಾಳೆ ತಟ್ಟಿ. ಅವರ ಪಟ್ ತಪ್ಪಿದಾಗ ಮಾತ್ರ ತಟ್ಟಬೇಡಿ.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್‌ಗೆ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಪ್ಪ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡುವವರು) ಆಗಿದ್ದರು, ನಾಲ್ಕನೇ ಸ್ಥಾನ ಬಂದ ಟೋಕಿಯೋದಲ್ಲಿ ಅಮ್ಮ. ಅದನ್ನು ನೋಡಿ ನಮಗೂ ಆಸೆ ಆಗುವುದು ಸಹಜ. ಆದರೆ ಹೈಸ್ಕೂಲ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಕ್ಯಾಡಿಗೆ ಅವಕಾಶ ಇಲ್ಲ. ನೀವು ಪ್ರೇಕ್ಷಕರು, ಅಷ್ಟೇ.

ಈಗ ಮುಖ್ಯ ಮಾತು. ಕನ್ನಡದಲ್ಲಿ ಹೇಳಿದರೆ ಯಾರಿಗೂ ಗೊತ್ತಾಗಲ್ಲ ಅನ್ನುವ ಭ್ರಮೆ ಬಿಡಿ. 'ಪುಟ್ಟಾ, ಏಳನೇ ಐರನ್ ತಗೋ', 'ತಲೆ ಎತ್ಬೇಡ ಕಣೋ' ಇವೆರಡೂ ಸಲಹೆಯೇ. ನೀವೇ ಕೇಳದೆ ಹೇಳಿದ್ದಕ್ಕೆ ಮೊದಲ ಸಲ ಮಗುವಿಗೆ ಪೆನಾಲ್ಟಿ ಬೀಳದಿರಬಹುದು. ಆದರೆ ನೀವು ಮುಂದುವರಿಸಿ, ಮಗು ನಿಮ್ಮನ್ನು ತಡೆಯದೆ ಸುಮ್ನಿದ್ದರೆ, ಮಗುವೇ ಕೇಳಿ ಪಡೆದ ಹಾಗೆ ಲೆಕ್ಕ, 2 ಸ್ಟ್ರೋಕ್. ಎಷ್ಟೋ ಲೀಗ್‌ಗಳ ನಿಯಮ ಇದಕ್ಕಿಂತ ಕಟ್ಟುನಿಟ್ಟು. ಆಟದ ನಡುವೆ ಪೋಷಕರು ಮಾತಾಡಿಸುವುದೇ ಬೇಡ ಅನ್ನುವವೂ ಇವೆ.

ಇನ್ನೂ ಒಂದು ತೊಂದರೆ. ನೀವು 'ಹಸಿವಾಗ್ತಿದ್ಯಾ?' ಅಂತ ಕೇಳಿದರೂ ಎದುರು ತಂಡದ ಪೋಷಕರಿಗೆ ಅದು ಏನೋ ಗುಟ್ಟಿನ ಸೂಚನೆಯಂತೆ ಕೇಳಿಸುತ್ತದೆ. ದೂರು ಹೋದರೆ ಆ ಮಾತು ಏನಿತ್ತು ಅಂತ ಮಗು ವಿವರಿಸುತ್ತಾ ನಿಲ್ಲಬೇಕು. ನೀರು, ತಿಂಡಿ ಕೊಡಬೇಕಿದ್ದರೆ ಎರಡು ಹೋಲಿನ ನಡುವೆ, ಎಲ್ಲರಿಗೂ ಕೇಳುವ ಹಾಗೆ, ಇಂಗ್ಲಿಷಿನಲ್ಲೇ ಒಂದು ಮಾತು ಹೇಳಿ ಕೊಡಿ. ಕಣ್ಸನ್ನೆ, ಕೈಸನ್ನೆ, ಹಣೆ ಚಚ್ಚಿಕೊಳ್ಳುವುದು ಯಾವುದೂ ಬೇಡ. ಹಣೆ ಚಚ್ಚಿಕೊಂಡರೆ ಪೆನಾಲ್ಟಿ ಇಲ್ಲ ನಿಜ, ಆದರೆ ಮಕ್ಕಳು ಪ್ರತಿ ಹೊಡೆತದ ನಂತರ ಮೊದಲು ನೋಡುವುದು ನಿಮ್ಮ ಮುಖವನ್ನೇ.

ಎದುರಿನ ಆಟಗಾರ ಮೋಸ ಮಾಡಿದ ಅನ್ನಿಸಿದರೆ ಅವನ ಹತ್ತಿರ ಹೋಗಬೇಡಿ, ಅವನ ಅಪ್ಪನ ಹತ್ತಿರವೂ ಬೇಡ. ಯಾವ ಹೋಲ್, ಏನು ನೋಡಿದಿರಿ ಅಂತ ನಿಮ್ಮ ಕೋಚ್‌ಗೆ ತಿಳಿಸಿ ಬಿಡಿ.

ಮನೆಗೆ ಹೋಗುವಾಗ ಕಾರಿನಲ್ಲಿ ರೌಂಡಿನ ವಿಚಾರ ಎತ್ತಬೇಡಿ. ಮಗುವೇ ಶುರು ಮಾಡಿದರೆ ಕೇಳಿಸಿಕೊಳ್ಳಿ.

## ಹಂತ 9: ಕೋಚ್ ಹತ್ತಿರ ಮಾತಾಡುವ ಕ್ರಮ

ಮೆಟ್ಟಿಲು ಬಿಟ್ಟು ಹಾರಬೇಡಿ. ಮೊದಲು ಮಗುವೇ ಕೋಚ್ ಹತ್ತಿರ ಹೋಗಿ ಮಾತಾಡಬೇಕು. ಪ್ರಶ್ನೆ ಹೀಗಿರಲಿ: 'ಕೋಚ್, ಆರನೇ ಜಾಗಕ್ಕೆ ಬರಲು ನಾನು ಏನು ಸುಧಾರಿಸಿಕೊಳ್ಳಬೇಕು?' ಅದರಿಂದ ಆಗದಿದ್ದರೆ ನೀವು ಸಮಯ ಕೇಳಿ, ಮಗುವನ್ನೂ ಕೂರಿಸಿಕೊಂಡು ಮಾತಾಡಿ. ಅಲ್ಲೂ ಆಗದಿದ್ದರೆ ಮಾತ್ರ ಅಥ್ಲೆಟಿಕ್ ಡೈರೆಕ್ಟರ್ (ಶಾಲೆಯ ಕ್ರೀಡಾ ಮುಖ್ಯಸ್ಥರು). ನೇರ ಪ್ರಿನ್ಸಿಪಾಲ್‌ಗೆ ಬರೆದರೆ ಆ ಪತ್ರ ತಿರುಗಿ ಕೋಚ್ ಕೈಗೇ ಬರುತ್ತದೆ.

ಮ್ಯಾಚ್ ಮುಗಿದ 24 ಗಂಟೆಯೊಳಗೆ ದೂರು ಬೇಡ ಅನ್ನುವ ನಿಯಮ ಹಲವು ತಂಡಗಳಲ್ಲಿದೆ. ನಿಮ್ಮ ತಂಡದಲ್ಲಿ ಇಲ್ಲದಿದ್ದರೂ ಪಾಲಿಸಿ. ಬೆಳಗ್ಗೆ ಎದ್ದು ಓದಿದರೆ ಆ ಈಮೇಲಿನಲ್ಲಿ ಅರ್ಧ ನೀವೇ ಅಳಿಸುತ್ತೀರಿ.

ಕೇಳಬಹುದಾದ್ದು: ಮಗುವಿನ ಆರೋಗ್ಯ, ಸುರಕ್ಷತೆ, ನಡತೆ, ಪಾಠದ ಒತ್ತಡ, ಸುಧಾರಣೆ. ಕೇಳಬಾರದ್ದು: ಯಾರನ್ನು ಯಾಕೆ ಆಡಿಸಿದಿರಿ, ಇನ್ನೊಬ್ಬರ ಮಗುವಿನ ಸ್ಕೋರ್ ಎಷ್ಟು. 'ಅವರ ಮಗನಿಗಿಂತ ನಮ್ಮವನು ವಾಸಿ' ಅನ್ನುವ ಮಾತಿಗೆ ಕೋಚ್ ಉತ್ತರ ಕೊಡುವುದಿಲ್ಲ, ಕೊಡಲೂಬಾರದು. ತಂಡದ ವಾಟ್ಸಾಪ್ ಗುಂಪಿನಲ್ಲೂ ಅದು ಬೇಡ. ಮಕ್ಕಳು ಒಂದೇ ಬಸ್ಸಿನಲ್ಲಿ ಕೂರುವವರು.

## ಹಂತ 10: ಈ ಲಕ್ಷಣ ಕಂಡರೆ ತಕ್ಷಣ ಗಮನಿಸಿ

ಮಗು ಸ್ಕೋರನ್ನು ಮನೆಯಲ್ಲಿ ಒಂದು ಹೇಳಿ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಸೂಚನೆ. ಬೈಯುವ ಮುಂಚೆ ಯೋಚಿಸಿ, ಸ್ಕೋರ್ ಕೇಳಿದಾಗ ಮನೆಯಲ್ಲಿ ನಿಮ್ಮ ಮುಖ ಹೇಗಿರುತ್ತದೆ? ಪಂದ್ಯದಲ್ಲೂ ಸ್ಟ್ರೋಕ್ ಮರೆಮಾಚುವ ಅಭ್ಯಾಸ ಬೆಳೆದರೆ ಕೋಚ್ ತಂಡದಿಂದ ತೆಗೆಯುತ್ತಾರೆ, ವಾದಕ್ಕೆ ಅವಕಾಶ ಇರುವುದಿಲ್ಲ.

ಮ್ಯಾಚ್ ದಿನ ಬೆಳಗ್ಗೆ ಮಾತ್ರ ಹೊಟ್ಟೆ ನೋವು, ಕ್ಲಬ್ ನೆಲಕ್ಕೆ ಬಡಿಯುವುದು, ಕೆಳ ಬೆನ್ನು ಅಥವಾ ಮಣಿಕಟ್ಟಿನಲ್ಲಿ ವಾರ ಕಳೆದರೂ ಹೋಗದ ನೋವು, ಗ್ರೇಡ್ ಇಳಿಯುವುದು, ಇವನ್ನೂ ನೋಡಿಕೊಳ್ಳಿ. ನೋವಿಗೆ ಮಾತ್ರೆ ನುಂಗಿಸಿ ಕಳಿಸಬೇಡಿ. ಬೆಳೆಯುವ ವಯಸ್ಸಿನ ಬೆನ್ನು ಅದು, ಡಾಕ್ಟರ್‌ಗೆ ತೋರಿಸಿ, ಕೋಚ್‌ಗೂ ತಿಳಿಸಿ.

ಪೋಷಕರಲ್ಲಿ ಕಾಣುವ ಲಕ್ಷಣವೂ ಒಂದಿದೆ. 'ನಾವು ಇವತ್ತು 43 ಹೊಡೆದ್ವಿ' ಅಂತ ನೀವು ಹೇಳಲು ಶುರು ಮಾಡಿದರೆ ಒಂದು ಮ್ಯಾಚ್ ಮನೆಯಲ್ಲೇ ಇರಿ.

## ಹಂತ 11: ಸೀಸನ್ ಮುಗಿದ ವಾರ

ಯೂನಿಫಾರ್ಮ್ ಒಗೆದು ವಾಪಸ್ ಕೊಡಿಸಿ, ಕೊಡದೆ ಉಳಿಸಿಕೊಂಡರೆ ಶಾಲೆ ಬಿಲ್ ಕಳಿಸುತ್ತದೆ. ಕೋರ್ಸ್‌ನವರಿಗೆ ತಂಡದ ಪರವಾಗಿ ಒಂದು ಧನ್ಯವಾದ ಪತ್ರವನ್ನು ಮಕ್ಕಳೇ ಬರೆಯಲಿ. ಮುಂದಿನ ವರ್ಷದ ಟ್ರೈಔಟ್ ದಿನಾಂಕ ಬಂದಿದ್ದರೆ ಊರಿನ ಟಿಕೆಟ್ ನೋಡುವ ಮುಂಚೆ ಕ್ಯಾಲೆಂಡರಿಗೆ ಹಾಕಿ.

ರಜೆಯಲ್ಲಿ ಜೂನಿಯರ್ ಟೂರ್ನಮೆಂಟ್ ಆಡಿಸುವವರು ಬಹುಮಾನದ ಬಗ್ಗೆ ಎಚ್ಚರ ಇರಲಿ. 2022ರಿಂದ ಜಾರಿಯಲ್ಲಿರುವ ಅಮೆಚೂರ್ (ವೃತ್ತಿಪರರಲ್ಲದ ಆಟಗಾರರ) ನಿಯಮದಲ್ಲಿ ಬಹುಮಾನದ ಮಿತಿ 1,000 ಡಾಲರ್. ಹೈಸ್ಕೂಲ್ ಕ್ರೀಡಾ ಸಂಸ್ಥೆಗಳ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ಗಿಫ್ಟ್ ಕಾರ್ಡ್ ಆದರೂ ಸರಿ, ಕೈಗೆ ತಗೊಳ್ಳುವ ಮುಂಚೆ ಅಥ್ಲೆಟಿಕ್ ಡೈರೆಕ್ಟರ್‌ಗೆ ಎರಡು ಸಾಲು ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.